ಅರ್ಧ ಲೀಟರ್ ರಕ್ತ ಮತ್ತು ನಾವು ಕೇಳದ ಪ್ರಶ್ನೆ

ಮೂರು ವರ್ಷದ ಹಿಂದೆ ಪಕ್ಕದ ತಾಲ್ಲೂಕಿನಲ್ಲಿ ಬಾಣಂತಿಯೊಬ್ಬಳು ತೀರಿಕೊಂಡಾಗ ನಾವು ಕಳಿಸಿದ ಸುದ್ದಿ ಆರೇ ಸಾಲು. ‘ಅಧಿಕ ರಕ್ತಸ್ರಾವದಿಂದ ಬಾಣಂತಿ ಸಾವು, ಸಂಬಂಧಿಕರ ಪ್ರತಿಭಟನೆ.’ ಆಸ್ಪತ್ರೆ ಮುಂದೆ ಟೈರ್ ಸುಟ್ಟ ಫೋಟೊ ಮಾತ್ರ ದೊಡ್ಡದಾಗಿ ಬಂತು.

ಅಧಿಕ ಅಂದರೆ ಎಷ್ಟು? ಅಳೆದವರು ಯಾರು? ನಾವು ಕೇಳಲಿಲ್ಲ. ಡಿಪ್ಲೊಮಾದಲ್ಲಿ ಯಾರು, ಏನು, ಎಲ್ಲಿ, ಯಾವಾಗ, ಏಕೆ ಎಂದು ಬಾಯಿಪಾಠ ಮಾಡಿದ್ದೆವು. ‘ಎಷ್ಟು’ ನೆನಪಾಗಲೇ ಇಲ್ಲ.

ಆಮೇಲೊಂದು ದಿನ ಲಸಿಕೆ ಸುದ್ದಿಗೆಂದು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದಾಗ ಹಿರಿಯ ಸಿಸ್ಟರ್ ಒಬ್ಬರನ್ನು ಕೇಳಿದೆವು. ಅವರು ನಕ್ಕರು. “ಬಟ್ಟಿ ನೋಡಿ ಅಂದಾಜು ಮಾಡ್ತೀವ್ರಿ ಸರ್. ಇಪ್ಪತ್ತು ವರ್ಷದ ಕಣ್ಣು ಇದು.”

ಹೆರಿಗೆಯ ನಂತರ ಅರ್ಧ ಲೀಟರ್ ರಕ್ತ ಹೋದರೆ ಅಪಾಯವೆಂದೇ ಲೆಕ್ಕ. ಡೇರಿಯಲ್ಲಿ ಅರ್ಧ ಲೀಟರ್ ಹಾಲನ್ನು ಕಣ್ಣಂದಾಜಿನಲ್ಲಿ ಹಾಕಿಸಿಕೊಳ್ಳುವವರು ನಮ್ಮಲ್ಲಿ ಯಾರಿದ್ದಾರೆ?

ಈ ಕಣ್ಣಂದಾಜು ಎಷ್ಟು ತಪ್ಪುತ್ತದೆ ಎಂದು ಅಳೆದು ತೋರಿಸಿದ್ದು ನಮ್ಮ ಬೆಳಗಾವಿಯಲ್ಲೇ. ಹೆರಿಗೆಯಾದ ಕೂಡಲೇ ಸೊಂಟದ ಕೆಳಗೆ ಹಾಸುವ ಪ್ಲಾಸ್ಟಿಕ್ ಹಾಳೆ, ಅದರ ತುದಿಗೆ ಒಂದು ಚೀಲ, ಚೀಲದ ಮೇಲೆ ಅಳತೆಯ ಗೆರೆ. ಇಷ್ಟೇ ಸಾಧನ. ಹಾಳೆಯ ಅಳತೆಗಿಂತ ಕಣ್ಣಿನ ಅಂದಾಜು ಮೂರನೇ ಒಂದು ಭಾಗ ಕಡಿಮೆ ಬಂತು.

ಅದೇ ಜಿಲ್ಲೆಯ ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ವ್ಯಾಪ್ತಿಯಲ್ಲಿ 1620 ಹೆಣ್ಣುಮಕ್ಕಳ ಮೇಲೆ ಇನ್ನೊಂದು ಅಧ್ಯಯನ ನಡೆದು 2006ರಲ್ಲಿ ಪ್ರಕಟವಾಯಿತು. ಮನೆಯಲ್ಲಿ, ಉಪಕೇಂದ್ರದಲ್ಲಿ ಹೆರಿಗೆ ಮಾಡಿಸುವ ಎಎನ್‌ಎಂ ಸಿಸ್ಟರ್‌ಗಳೇ ಮಿಸೊಪ್ರೊಸ್ಟಾಲ್ ಮಾತ್ರೆ ಕೊಟ್ಟರು. ಫ್ರಿಜ್ ಬೇಡ, ಸೂಜಿ ಬೇಡ. ಹೆಚ್ಚು ರಕ್ತ ಹೋದವರು ನೂರಕ್ಕೆ 12 ಇದ್ದದ್ದು ಮಾತ್ರೆ ತೆಗೆದುಕೊಂಡವರಲ್ಲಿ 6.4 ಆಯಿತು. ಮುಂದೆ 2011ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಈ ಬಳಕೆಯನ್ನು ತನ್ನ ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು.

ಮದ್ದು ಗೊತ್ತು, ಅಳತೆ ಗೊತ್ತು. ಆದರೂ ಅದು ಕೊನೆಯ ಹಳ್ಳಿಯ ಹೆರಿಗೆ ಟೇಬಲ್‌ಗೆ ಏಕೆ ತಲುಪುವುದಿಲ್ಲ? ಇದನ್ನೇ ಕೆದಕುವ ಓದಿಗೆ ಅನುಷ್ಠಾನ ವಿಜ್ಞಾನ ಎನ್ನುತ್ತಾರೆ. ಹೆಸರು ಭಾರ, ಕೆಲಸ ಸರಳ. ಕೀನ್ಯಾ, ನೈಜೀರಿಯಾ, ದಕ್ಷಿಣ ಆಫ್ರಿಕಾ, ಟಾಂಜಾನಿಯಾಗಳ 80 ಆಸ್ಪತ್ರೆಗಳಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿದರು. ಹೊಸ ಔಷಧ ಒಂದೂ ಇಲ್ಲ. ಅದೇ ಗೆರೆಯ ಹಾಳೆ ಹಾಸಿದರು. ಒಂದು ಮದ್ದು ಕೊಟ್ಟು ಕಾದು ನೋಡಿ ಇನ್ನೊಂದು ಕೊಡುವ ಬದಲು, ಗರ್ಭಕೋಶ ನೀವುವುದು, ಇಂಜೆಕ್ಷನ್, ಡ್ರಿಪ್, ತಪಾಸಣೆ ಎಲ್ಲವನ್ನೂ ಒಟ್ಟಿಗೇ ಶುರು ಮಾಡಿದರು. ಫಲಿತಾಂಶ ಬಂದದ್ದು 2023ರಲ್ಲಿ. ಒಂದು ಲೀಟರ್ ಮೀರಿ ರಕ್ತ ಹೋಗುವುದು, ರಕ್ತ ನಿಲ್ಲಿಸಲು ಹೊಟ್ಟೆ ಕೊಯ್ಯುವುದು, ಸಾವು, ಈ ಮೂರೂ ಸೇರಿ ಹಳೆ ಕ್ರಮದ ಆಸ್ಪತ್ರೆಗಳಲ್ಲಿ ನೂರಕ್ಕೆ 4.3. ಹೊಸ ಕ್ರಮದಲ್ಲಿ 1.6.

ನಮ್ಮನ್ನು ಹೆಚ್ಚು ಕಾಡಿದ್ದು ಇನ್ನೊಂದು ಅಂಕಿ. ಹಳೆ ಕ್ರಮದ ಆಸ್ಪತ್ರೆಗಳಲ್ಲಿ ಇಂಥ ರಕ್ತಸ್ರಾವದ ಸುಮಾರು ಅರ್ಧದಷ್ಟು ಪ್ರಕರಣ ಯಾರ ಗಮನಕ್ಕೂ ಬಂದಿರಲಿಲ್ಲ.

ನಮ್ಮ ದೇಶದಲ್ಲಿ ಗರ್ಭಿಣಿಯರ ಪೈಕಿ ಶೇ 52ರಷ್ಟು ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ. ಚೆನ್ನಾಗಿ ಉಂಡವಳು ತಡೆದುಕೊಳ್ಳುವ ಅರ್ಧ ಲೀಟರನ್ನು ತುಂಬು ಗರ್ಭದಲ್ಲೂ ಕೂಲಿಗೆ ಹೋದವಳ ಮೈ ತಡೆಯದು. ಅಂದಾಜು ತಪ್ಪಿದರೆ ಪೆಟ್ಟು ಮೊದಲು ಬೀಳುವುದು ಅವಳಿಗೇ.

ಕಳೆದ ತಿಂಗಳು ಆ ಬಾಣಂತಿಯ ತವರಿಗೆ ಹೋಗಿದ್ದೆವು. ಮೂರು ವರ್ಷ ತಡವಾಗಿ ಬಂದೆವೆಂದು ಯಾರೂ ಬೈಯಲಿಲ್ಲ, ಚಹಾ ಕೊಟ್ಟರು. ಎಷ್ಟು ರಕ್ತ ಹೋಗಿತ್ತು ಎಂದು ಡಾಕ್ಟರು, ಸಿಸ್ಟರು ಏನಾದರೂ ಹೇಳಿದ್ದರಾ ಎಂದು ಕೇಳಿದೆವು.

“ಯಾರೂ ಹೇಳಲಿಲ್ಲ ತಮ್ಮಾ,” ಅಂದರು ತಾಯಿ. “ನನ್ನ ಮೂರು ಸೀರಿ ತೊಯ್ದಿದ್ವು.”

ಮೊಮ್ಮಗಳು ಅಂಗಳದಲ್ಲಿ ಆಡುತ್ತಿದ್ದಳು. ನಾವು ನೋಟ್‌ಬುಕ್ಕಿನಲ್ಲಿ ಮೂರು ಸೀರೆ ಎಂದು ಬರೆದುಕೊಂಡೆವು.