ಸಾಂಗಲಿ-ಮಿರಜ ಸೀಮೆಯ ಸೇನಾಪತಿ ಪರಶುರಾಮ ಭಾವು

ಅರಿಷಿಣದ ಖರೀದಿಗೆ ಸಾಂಗಲಿ, ಔಷಧೋಪಚಾರಕ್ಕೆ ಮಿರಜ. ಈ ಎರಡೂ ಊರುಗಳು ನಮ್ಮ ಕಡೆಯ ಮನೆತನಗಳಿಗೆ ಹೊಸವಲ್ಲ. ಆದರೆ ಕೆಲಸ ಮುಗಿದೊಡನೆ ಗಾಡಿ ಹಿಡಿಯುವ ಅವಸರದಲ್ಲಿ ಅಲ್ಲಿಯ ಹಳೆಯ ಸಂಗತಿಗಳನ್ನು ನಾವು ಕೇಳುವುದು ಕಡಿಮೆ. ಈ ಸಲ ಒಂದು ದಿನ ಉಳಿದು, ತಾಸಗಾಂವವನ್ನೂ ನೋಡಿ ಬಂದೆವು. ಪರಶುರಾಮ ಭಾವು ಪಟವರ್ಧನರ ಊರದು.

ಪಟವರ್ಧನರು ಮೂಲತಃ ಕೊಂಕಣದವರು. ಈ ಮನೆತನದ ಹಿರಿಯ ಹರಿಭಟ್ಟರು ಇಚಲಕರಂಜಿಯ ಘೋರ್ಪಡೆಯವರಲ್ಲಿ ಪುರೋಹಿತರಾಗಿದ್ದರು. ಮಕ್ಕಳು ಪಂಚಾಂಗ ಬಿಟ್ಟು ಕತ್ತಿ ಹಿಡಿದರು. ಹೈದರಾಲಿಯನ್ನೂ ಕೊಲ್ಲಾಪುರದವರನ್ನೂ ತಡೆಯಲು ದಕ್ಷಿಣದ ಗಡಿಯಲ್ಲಿ ಗಟ್ಟಿ ಕಾವಲು ಬೇಕೆಂದು ಪೇಶ್ವೆ ಮಾಧವರಾಯರು ಈ ಮನೆತನಕ್ಕೆ ದೊಡ್ಡ ಜಹಗೀರು ಕೊಟ್ಟರು. ಮಿರಜಿನ ಕಿಲ್ಲೆ ಅವರ ಕೈಗೆ ಬಂದಿತು. ಹರಿಭಟ್ಟರ ಮೊಮ್ಮಗನೇ ಪರಶುರಾಮ ಭಾವು.

ಅವರ ದೊಡ್ಡ ದಂಡಯಾತ್ರೆ ನಡೆದದ್ದು ನಮ್ಮ ಕನ್ನಡ ನಾಡಿನಲ್ಲಿಯೇ. 1790ರಲ್ಲಿ ಟಿಪ್ಪುವಿನ ವಿರುದ್ಧ ಹೊರಟ ಭಾವು, ಸೆಪ್ಟೆಂಬರಿನಲ್ಲಿ ಧಾರವಾಡದ ಕೋಟೆಗೆ ಮುತ್ತಿಗೆ ಹಾಕಿದರು. ಮುಂಬಯಿಯಿಂದ ಕ್ಯಾಪ್ಟನ್ ಲಿಟಲ್‌ನ ಇಂಗ್ಲಿಷ್ ಪಡೆಯೂ ಜೊತೆಗಿತ್ತು. ಒಳಗೆ ಟಿಪ್ಪುವಿನ ಸರದಾರ ಬದ್ರುಜ್ಜಮಾನ್ ಖಾನ್. ಆ ಇಂಗ್ಲಿಷ್ ಪಡೆಯಲ್ಲಿದ್ದ ಎಡ್ವರ್ಡ್ ಮೂರ್ ಎಂಬ ಅಧಿಕಾರಿ 1794ರಲ್ಲಿ ಇದನ್ನೆಲ್ಲ ಪುಸ್ತಕವಾಗಿ ಬರೆದ. ಮರಾಠಾ ತೋಪಿನವರು ಒಂದು ಗುಂಡು ತುಂಬಿ, ಕುಳಿತು ಮಾತನಾಡಿ, ತಂಬಾಕು ಸೇದಿ, ಆಮೇಲೆ ಹಾರಿಸುತ್ತಿದ್ದರೆಂದು ಅವನು ನಗೆಯಾಡಿದ್ದಾನೆ. ಆದರೆ ಅವಸರಪಟ್ಟು ನುಗ್ಗಿದ ಇಂಗ್ಲಿಷರ ದಾಳಿಯೂ 1791ರ ಫೆಬ್ರವರಿಯಲ್ಲಿ ಸೋತೇಹೋಯಿತು. ಕೊನೆಗೆ ಏಪ್ರಿಲ್ ಹೊತ್ತಿಗೆ ಕೋಟೆ ಶರಣಾಯಿತು. ಗೌರವದಿಂದ ಹೊರಹೋಗಲು ಬಿಡುತ್ತೇವೆಂದು ಕೊಟ್ಟ ಮಾತು ಮಾತ್ರ ಉಳಿಯಲಿಲ್ಲ. ಹೊರಬಂದವರ ಮೇಲೆ ಕೈಮಾಡಿ ಖಾನನನ್ನು ಸೆರೆಹಿಡಿದರು. ಬಾಯಿಮಾತಿನ ಮೇಲೆ ಲಕ್ಷಗಟ್ಟಲೆ ಕೊಡಕೊಳ್ಳುವ ನಮ್ಮಂಥವರಿಗೆ, ಭಾವುವಿನ ಚರಿತ್ರೆಯಲ್ಲಿ ತೋಪಿನ ನಿಧಾನಕ್ಕಿಂತ ಇದು ದೊಡ್ಡ ಕುಂದಾಗಿ ಕಾಣುತ್ತದೆ.

ಅಲ್ಲಿಂದ ಪಡೆ ದಕ್ಷಿಣಕ್ಕೆ ನಡೆಯಿತು. 1791ರ ಮೇ ತಿಂಗಳು. ಶ್ರೀರಂಗಪಟ್ಟಣದ ಬಾಗಿಲವರೆಗೆ ಹೋಗಿದ್ದ ಕಾರ್ನ್‌ವಾಲಿಸನ ಸೈನ್ಯದಲ್ಲಿ ಕಾಳಿಲ್ಲ, ಎತ್ತುಗಳು ಸತ್ತುಬೀಳುತ್ತಿವೆ. ದೊಡ್ಡ ತೋಪುಗಳನ್ನು ತಾನೇ ಒಡೆದುಹಾಕಿ ಅವನು ಹಿಂದಿರುಗುತ್ತಿದ್ದಾಗ ಮೇಲುಕೋಟೆಯ ಕಡೆ ಹರಿಪಂತ ಫಡಕೆ ಮತ್ತು ಭಾವುವಿನ ಸೈನ್ಯಗಳು ಎದುರಾದವು. ಮರಾಠರ ಬೀಡಿನ ಬಜಾರನ್ನು ಕಂಡು ಇಂಗ್ಲಿಷರು ಬೆರಗಾದರು. ಕಾಳುಕಡಿ, ಎತ್ತು ಕುರಿಗಳಿಂದ ಹಿಡಿದು ಕಾಶ್ಮೀರದ ಶಾಲು, ವಿಲಾಯತಿ ಚಾಕು, ಒಡವೆಗಳವರೆಗೆ ಎಲ್ಲವೂ ಅಲ್ಲಿ ಮಾರಾಟಕ್ಕಿತ್ತು, ದರ ಮಾತ್ರ ಹಸಿದವರ ದರ! ಸೇನಾಪತಿಯ ಹೆಸರು ಚರಿತ್ರೆಯಲ್ಲಿ ಉಳಿಯಿತು. ದಂಡಿನ ಹಿಂದೆ ಮೂಟೆ ಹೊತ್ತು ಬಂದ ಆ ಅಂಗಡಿಕಾರರ ಹೆಸರು ಯಾರಿಗೂ ಬೇಡವಾಯಿತು.

ಅದೇ ಬೀಡಿನ ಇನ್ನೊಂದು ಮುಖವೂ ಇದೆ. 1791ರಲ್ಲಿ ಪಟವರ್ಧನರವರೇ ಆದ ರಘುನಾಥರಾಯರ ಕುದುರೆ ಪಡೆ ಶೃಂಗೇರಿ ಮಠವನ್ನು ಲೂಟಿ ಮಾಡಿತು. ಮಠಕ್ಕೆ ನೆರವು ಕಳಿಸಿದವನು ಟಿಪ್ಪು. ಅವನು ಜಗದ್ಗುರುಗಳಿಗೆ ಬರೆದ ಕನ್ನಡ ಪತ್ರಗಳು 1916ರಲ್ಲಿ ಮೈಸೂರಿನ ಆರ್. ನರಸಿಂಹಾಚಾರ್ಯರ ಕಣ್ಣಿಗೆ ಬಿದ್ದವು. ಸಾಂಗಲಿಯಲ್ಲಿ ಭಾವುವನ್ನು ಹೊಗಳುವವರು ಈ ಪುಟವನ್ನು ತೆರೆಯುವುದಿಲ್ಲ.

1795ರ ಮಾರ್ಚಿನಲ್ಲಿ ಖರ್ಡಾದಲ್ಲಿ ನಿಜಾಮನ ಮೇಲೆ ನಡೆದ ಯುದ್ಧಕ್ಕೆ ಭಾವುವೇ ಮುಖ್ಯ ಸೇನಾಪತಿ. ಅದು ಅವರ ಏರುಗಾಲದ ತುದಿ. ಅದೇ ವರ್ಷ ಸವಾಯಿ ಮಾಧವರಾಯರು ತೀರಿಕೊಂಡರು. ಪುಣೆಯ ಗಾದಿಯ ಜಗಳದಲ್ಲಿ ಸಿಕ್ಕಿಕೊಂಡ ಭಾವು 1796ರಲ್ಲಿ ಕಾವಲಿನೊಳಗಾದರು. 1798ರಲ್ಲಿ ಸಾತಾರದ ಬಂಡಾಯ ಅಡಗಿಸುವವರು ಬೇಕಾದಾಗ ಪೇಶ್ವೆಗೆ ಮತ್ತೆ ಅವರ ನೆನಪಾಯಿತು, ಬಿಡುಗಡೆ ದೊರೆಯಿತು. ಈ ಕಾಲದಲ್ಲಿಯೇ ಕೊಲ್ಲಾಪುರದವರು ತಾಸಗಾಂವವನ್ನು ದೋಚಿ ಭಾವುವಿನ ವಾಡೆಯನ್ನು ಸುಟ್ಟರು. 1799ರ ಸೆಪ್ಟೆಂಬರಿನಲ್ಲಿ ಅದೇ ಕೊಲ್ಲಾಪುರದವರೊಡನೆ ಕಾದಾಡುತ್ತ ಪಟ್ಟಣಕುಡಿಯಲ್ಲಿ ಭಾವು ಮಡಿದರು. ಆ ಊರು ನಿಪ್ಪಾಣಿ-ಚಿಕ್ಕೋಡಿ ಸೀಮೆಯದು. ಸ್ತವನಿಧಿಯ ದರ್ಶನಕ್ಕೆ ಹೋಗುವವರಿಗೆ ದೂರವಲ್ಲ.

ಮುಂದೆ ಒಂದೆರಡು ವರ್ಷಗಳಲ್ಲಿ ಚಿಂತಾಮಣರಾಯರು ಚಿಕ್ಕಪ್ಪನೊಡನೆ ಒಡೆದು ಮಿರಜ ಬಿಟ್ಟು ಸಾಂಗಲಿಯಲ್ಲಿ ಗಾದಿ ಹೂಡಿದರು. ಭಾವುವಿನ ಮಕ್ಕಳ ಪಾಲಿಗೆ ಜಮಖಂಡಿ ಮತ್ತು ತಾಸಗಾಂವ ಬಂದವು.

ತಾಸಗಾಂವದಲ್ಲಿ ಭಾವು ಕಟ್ಟಿಸಿದ ಗಣಪತಿ ಗುಡಿಗೆ ಏಳು ನೆಲೆಯ ಗೋಪುರವಿದೆ. ಮರಾಠಿ ಸೀಮೆಯ ಶಿಖರಗಳ ನಡುವೆ ಅದು ತೀರ ನಮ್ಮ ದಕ್ಷಿಣದ್ದು. ಕತ್ತಿ ಹಿಡಿದು ಬಂದವರು ಕಣ್ಣಲ್ಲಿ ತುಂಬಿಕೊಂಡು ಹೋದದ್ದೂ ಇತ್ತು ಎಂದು ನಾವು ತಿಳಿದೆವು. ಸಾಂಗಲಿಯಿಂದ ಅಲ್ಲಿಗೆ ಸುಮಾರು 25 ಕಿ.ಮೀ. ಚೌತಿಯ ಮರುದಿನ ರಥೋತ್ಸವ. ಒಣದ್ರಾಕ್ಷಿಯ ದೊಡ್ಡ ಪೇಟೆಯೂ ಅದೇ ಊರು. ವ್ಯಾಪಾರಕ್ಕೆ ಹೋದವರು ಒಂದು ತಾಸು ಉಳಿಸಿಕೊಂಡರೆ ಗೋಪುರವನ್ನೂ ನೋಡಿ ಬರಬಹುದು.