ಎಲಿಕಟ್ ಸಿಟಿಯ ಹಳೆಯ ರೈಲು ನಿಲ್ದಾಣ

ಅಮೆರಿಕಾ ಸಂಯುಕ್ತ ಸಂಸ್ಥಾನಗಳಲ್ಲಿ ಮೇರಿಲೆಂಡ್ ಎಂಬುದೊಂದು. ಅಲ್ಲಿಯ ಬಾಲ್ಟಿಮೋರ್ ನಗರದಿಂದ ಹಳೆಯ ರೈಲುದಾರಿಯಲ್ಲಿ ಪಶ್ಚಿಮಕ್ಕೆ 13 ಮೈಲಿ ಸಾಗಿದರೆ ಪಟಾಪ್ಸ್ಕೊ ನದಿಯ ತೀರದಲ್ಲಿ ಎಲಿಕಟ್ ಸಿಟಿ ಎಂಬ ಚಿಕ್ಕ ಊರು ದೊರೆಯುವುದು. 1772ರಲ್ಲಿ ಎಲಿಕಟ್ ಸಹೋದರರು ಇಲ್ಲಿ ಹಿಟ್ಟಿನ ಗಿರಣಿಯನ್ನು ಸ್ಥಾಪಿಸಿದುದರಿಂದ ಊರಿಗೆ ಅವರ ಹೆಸರೇ ನಿಂತಿತು. ಬೀದಿಗಿಂತ ಎತ್ತರದಲ್ಲಿ, ರೈಲುಕಂಬಿಗಳ ಪಕ್ಕದಲ್ಲಿ, ಒರಟು ಕಲ್ಲಿನಿಂದ ಕಟ್ಟಿದ ಮನೆಯೊಂದು ಇಲ್ಲಿರುವುದು. ಆ ದೇಶದಲ್ಲಿ ಉಳಿದಿರುವ ರೈಲು ನಿಲ್ದಾಣಗಳಲ್ಲೆಲ್ಲ ಇದೇ ಪ್ರಾಚೀನತಮವೆಂದು ಪ್ರಸಿದ್ಧವಾಗಿದೆ.

ಈ ದಾರಿಯು ತೆರೆದುದು 1830ನೆಯ ಮೇ ತಿಂಗಳಲ್ಲಿ. ಕಟ್ಟಡವು ಪೂರ್ಣವಾದುದು ಮರುವರ್ಷ. ನಮ್ಮ ಬೆಂಗಳೂರಿಗೆ ರೈಲು ಬಂದುದು 1864ರಲ್ಲಿ ಎಂಬುದನ್ನು ನೆನೆದರೆ ಇದರ ಪ್ರಾಚೀನತೆಯು ವಾಚಕರಿಗೆ ಮನದಟ್ಟಾದೀತು. ಕಂಬಿಗಳ ಮೇಲೆ ಬಂಡಿಯನ್ನು ಮೊದಲು ಎಳೆದುದು ಉಗಿಯಲ್ಲ, ಕುದುರೆ! ನಡುದಾರಿಯಲ್ಲಿ ಕುದುರೆಗಳನ್ನು ಬದಲಾಯಿಸುತ್ತಿದ್ದ ಸ್ಥಳಕ್ಕೆ ಇಂದಿಗೂ ರಿಲೇ ಎಂದೇ ಹೆಸರು. ನಿಲ್ದಾಣವೂ ಮೊದಲು ಸರಕಿಗಾಗಿಯೇ ಇದ್ದಿತು. ಪ್ರಯಾಣಿಕರಿಗೆ ಕೋಣೆಗಳಾದುದು ಅನಂತರ.

ಅದೇ ವರ್ಷ ಪೀಟರ್ ಕೂಪರ್ ಎಂಬಾತನು ತಾನು ನಿರ್ಮಿಸಿದ ಟಾಮ್ ಥಂಬ್ ಎಂಬ ಪುಟ್ಟ ಉಗಿಯಂತ್ರವನ್ನು ಈ ದಾರಿಯಲ್ಲಿ ಓಡಿಸಿದನು. ಅದಕ್ಕೂ ಒಂದು ಕುದುರೆಗೂ ಪಂದ್ಯ ನಡೆಯಿತೆಂದೂ, ಯಂತ್ರವು ಮುಂದಾಗಿದ್ದಾಗ ಗಾಳಿ ಊದುವ ಚಕ್ರದ ಪಟ್ಟಿಯು ಜಾರಿ ಕುದುರೆಯೇ ಗೆದ್ದಿತೆಂದೂ ಹೇಳುವರು. ಆದರೂ ಕೆಲವೇ ವರ್ಷಗಳಲ್ಲಿ ಗೆದ್ದ ಕುದುರೆಯು ಲಾಯಕ್ಕೆ ಹೋಯಿತು. ಸೋತ ಯಂತ್ರದ ಸಂತತಿಯು ದೇಶವನ್ನೆಲ್ಲ ವ್ಯಾಪಿಸಿತು.

ಕಾಲವು ಉಗಿಬಂಡಿಯನ್ನೂ ಬಿಡಲಿಲ್ಲ. ಮೋಟಾರಿನ ಭರದಲ್ಲಿ, ಇಪ್ಪತ್ತನೆಯ ಶತಮಾನದ ಮಧ್ಯದ ಹೊತ್ತಿಗೆ ಇಲ್ಲಿ ಪ್ರಯಾಣಿಕರ ರೈಲು ನಿಂತಿತು. 1968ರಲ್ಲಿ ಸರ್ಕಾರವು ಕಟ್ಟಡವನ್ನು ರಾಷ್ಟ್ರೀಯ ಐತಿಹಾಸಿಕ ಸ್ಮಾರಕವೆಂದು ಸಾರಿತು. 1972ರಲ್ಲಿ ಆಗ್ನಿಸ್ ಚಂಡಮಾರುತದ ಪ್ರವಾಹವು ಕಣಿವೆಯನ್ನೇ ಹಾಳುಗೆಡವಿತು. ಆ ಬಳಿಕ ಹಳೆಯ ನಿಲ್ದಾಣವನ್ನು ಜೀರ್ಣೋದ್ಧಾರ ಮಾಡಿ ವಸ್ತುಸಂಗ್ರಹಾಲಯವಾಗಿ ಮಾರ್ಪಡಿಸಿದರು. 2016 ಮತ್ತು 2018ರಲ್ಲಿ ಮಳೆನೀರು ಮತ್ತೆ ನುಗ್ಗಿ ಪೇಟೆಬೀದಿಯ ಅಂಗಡಿಗಳನ್ನು ಕೊಚ್ಚಿತು. ಕಲ್ಲುಮನೆಯು ಮಾತ್ರ ನಿಂತೇ ಇದೆ. ಪಕ್ಕದ ಕಂಬಿಗಳಲ್ಲಿ ಸರಕಿನ ಬಂಡಿಗಳು ಇಂದಿಗೂ ಓಡುತ್ತವೆ.

ಬಹುಕಾಲ ಪಾಠ ಹೇಳಿದ ನನಗೆ ಈ ಸ್ಥಳವು ಒಂದು ಪಾಠಶಾಲೆಯೆಂದೇ ತೋರುತ್ತದೆ. ಕುದುರೆಯನ್ನು ಉಗಿಯೂ, ಉಗಿಯನ್ನು ಮೋಟಾರೂ ಹಿಂದೆ ಹಾಕಿದುವು; ಮೋಟಾರಿಗೂ ಅಂಥ ದಿನ ಬಾರದಿರದು. ಗೆದ್ದವರ ಕಥೆಯನ್ನು ಲೋಕವು ತಾನಾಗಿಯೇ ಹೇಳೀತು. ದುಡಿದು ಹಿಂದುಳಿದವರ ನೆನಪನ್ನು ಕಾಪಾಡಬೇಕಾದವರು ಮಾತ್ರ ಊರಿನವರೇ. ಕೆಲಸ ಮುಗಿದ ಮನೆಯನ್ನು ಕೆಡಹಲು ಒಂದು ದಿನ ಸಾಕು. ಅದನ್ನು ಉಳಿಸಿಕೊಳ್ಳಲು ಕೃತಜ್ಞತೆ ಬೇಕು.