ದೈವ ಕೂಡೇತಿ, ಬರ್ರಿ

ರೋಣ, ನರಗುಂದ, ಗಜೇಂದ್ರಗಡ ಕಡೆಯಿಂದ ಬಂದು ಈ ಕಾಲೇಜಿನ ಹಾಸ್ಟೆಲ್‌ನಲ್ಲಿ ಇರೋರು ನಾವು ಒಂದು ಎಂಟ್ಹತ್ತು ಮಂದಿ. 'ಸಿವಿಕ್ ಸೆನ್ಸ್' ಅಂದ ಕೂಡಲೇ ನಮಗೆ ನೆನಪಾಗೋದು ಶಾಲೆಯ ಇಂಗ್ಲಿಷ್ ಪಾಠ: ಕಸ ಡಸ್ಟ್‌ಬಿನ್‌ಗೆ ಹಾಕು, ಕ್ಯೂನಲ್ಲಿ ನಿಲ್ಲು. ಕನ್ನಡದಲ್ಲಿ ಅದಕ್ಕೆ ಪೌರಪ್ರಜ್ಞೆ ಅಂತಾರೆ. ಆದರೆ ನಮ್ಮ ಮನೆಗಳಲ್ಲಿ ಆ ಪದವನ್ನು ಯಾರೂ ಆಡಿದ್ದು ನಾವು ಕೇಳಿಲ್ಲ. ನಮ್ಮಲ್ಲಿ ಇರೋ ಪದ 'ದೈವ'. ಮೈಸೂರಿನ ಗೆಳೆಯರು ದೈವ ಅಂದರೆ ದೇವರು ಅಂದುಕೊಳ್ತಾರೆ, ಮಂಗಳೂರಿನವರಿಗೆ ಕೋಲ ಕಣ್ಣ ಮುಂದೆ ಬರುತ್ತೆ. ನಮ್ಮ ಕಡೆ ದೈವ ಅಂದರೆ ಗುಡಿ ಕಟ್ಟೆಗೆ ಕೂಡಿದ ಊರ ಮಂದಿ. "ದೈವ ಕೂಡೇತಿ, ಬರ್ರಿ" ಅಂದರೆ ಊರ ಕೆಲಸ ಏನೋ ಐತಿ, ಎಲ್ಲರೂ ಬರಬೇಕು ಅಂತ. ಎಲ್ಲರೂ ಅನ್ನೋದು ಬರೀ ಮಾತು, ಅಲ್ಲಿ ಕೂಡ್ತಿದ್ದವರು ಹೆಚ್ಚಾಗಿ ಹೊಲ ಇರೋ ಗಂಡಸರು. ಅದನ್ನೂ ಹೇಳಬೇಕು.

2019ರ ಆಗಸ್ಟ್‌ನಲ್ಲಿ ನವಿಲುತೀರ್ಥ ಡ್ಯಾಮಿನಿಂದ ಬಿಟ್ಟ ನೀರಿಗೆ ಬೆಣ್ಣಿಹಳ್ಳದ ನೀರೂ ಸೇರಿ ಮಲಪ್ರಭೆ ಉಕ್ಕಿದಾಗ ನಾವಿನ್ನೂ ಸಣ್ಣವರು. ನರಗುಂದ ತಾಲ್ಲೂಕಿನ ಕೊಣ್ಣೂರು, ರೋಣ ತಾಲ್ಲೂಕಿನ ಹೊಳೆಆಲೂರು ನೀರಾಗ ನಿಂತವು. ಕೊಣ್ಣೂರ ಹತ್ತಿರ ಹೆದ್ದಾರಿ ಬಂದ್ ಆಯ್ತು. ನೀರು ಬರದ ಊರುಗಳಲ್ಲಿ ನಮ್ಮ ಅವ್ವ, ದೊಡ್ಡವ್ವ, ಚಿಗವ್ವ ಎಲ್ಲ ಕೂತು ರೊಟ್ಟಿ ಬಡಿದರು. ಅನ್ನ ಮರುದಿನ ಹಳಸುತ್ತೆ, ಖಡಕ್ ರೊಟ್ಟಿ ವಾರಗಟ್ಟಲೆ ಇರುತ್ತೆ. ಅದರ ಜೊತೆ ಶೇಂಗಾ ಚಟ್ನಿ ಇದ್ದರೆ ಒಲೆ ಬೇಡ, ಪಾತ್ರೆ ಬೇಡ. ಚೀಲ ಹೊತ್ತು ಟ್ರ್ಯಾಕ್ಟರ್‌ಗೆ ಏರಿಸೋದು ನಮ್ಮ ಪಾಲಿಗೆ ಬಂತು. ಟ್ರೇಲರ್ ಏರಿದ ಮೇಲೆ ಯಾರ ಮನೆ ರೊಟ್ಟಿ ಯಾವುದು ಅಂತ ಯಾರಿಗೂ ಗೊತ್ತಾಗಲಿಲ್ಲ. (ಡಂಬಳದ ರೊಟ್ಟಿ ಜಾತ್ರೆ ನೋಡಿದವರಿಗೆ ಇದೇನು ಹೊಸದಲ್ಲ.)

ಆದರೂ ನೆರೆ ಬಂದಾಗ ಓಡೋದು ಅಷ್ಟೇನೂ ಕಷ್ಟದ್ದಲ್ಲ ಅಂತ ನಮಗೆ ಅನ್ನಿಸುತ್ತೆ. ಕಣ್ಣೆದುರು ಮನೆ ಮುಳುಗಿರುತ್ತೆ, ಕೈ ತಾನಾಗಿ ಚಾಚುತ್ತೆ. ಕಷ್ಟ ಇರೋದು ಬೇಜಾರು ಬರೋ ಕೆಲಸದಲ್ಲಿ. ನರಗುಂದ ಅಂದರೆ ಎಲ್ಲರೂ 1980ರ ಜುಲೈ 21 ಹೇಳ್ತಾರೆ. ಮಲಪ್ರಭಾ ಕಾಲುವೆಯ ನೀರು ಸರಿಯಾಗಿ ಬರದಿದ್ದರೂ ಬೆಟರ್‌ಮೆಂಟ್ ಲೆವಿ ಕಟ್ಟಿ ಅಂದಾಗ ರೈತರು ತಿರುಗಿಬಿದ್ದ ದಿನ, ಗೋಲಿಬಾರ್ ಆದ ದಿನ. ಈಗಲೂ ಪ್ರತಿವರ್ಷ ಅವತ್ತು ಹುತಾತ್ಮರ ವೀರಗಲ್ಲಿಗೆ ಮಾಲೆ ಬೀಳುತ್ತೆ. ನಮಗೆ ಮಾತ್ರ ಅದಕ್ಕಿಂತ 2015ರ ಜುಲೈ ದೊಡ್ಡದು. ಮಹದಾಯಿ ನೀರಿಗಾಗಿ ಅದೇ ಊರಲ್ಲಿ ಹಾಕಿದ ಧರಣಿ ಪೆಂಡಾಲ್ ವರ್ಷಗಟ್ಟಲೆ ಎದ್ದೇಳಲಿಲ್ಲ. ಟಿವಿ ಕ್ಯಾಮೆರಾ ಬಂದ ದಿನ ಯಾರು ಬೇಕಾದರೂ ಕೂಡ್ತಾರೆ. ಕ್ಯಾಮೆರಾ ಇಲ್ಲದ ಬ್ಯಾಸಿಗಿ ಮಧ್ಯಾಹ್ನ, ಹೊಲದ ಕೆಲಸ ಬಿಟ್ಟು ಅಲ್ಲಿ ಬಂದು ಕೂತವರೂ ಇದ್ದರು.

ಹಾಗೇ ಪಕ್ಕದ ಗದಗ ತಾಲ್ಲೂಕಿನ ಕಣಗಿನಹಾಳ. 1905ರಲ್ಲಿ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಅಲ್ಲಿ ಸಹಕಾರಿ ಪತ್ತಿನ ಸಂಘ ಶುರು ಮಾಡಿದರು. 'ಏಷ್ಯಾದ ಮೊದಲನೆಯದು' ಅಂತ ಕ್ವಿಜ್‌ಗೆ ನಾವೆಲ್ಲ ಬಾಯಿಪಾಠ ಮಾಡಿದ್ದೇ. ಆದರೆ ರೈತರು ತಮ್ಮ ದುಡ್ಡು ತಾವೇ ಕೂಡಿಸಿ ತಮಗೇ ಸಾಲ ಕೊಡಬೇಕಾದರೆ ಒಬ್ಬರಾದರೂ ದಿನಾ ಲೆಕ್ಕ ಬರೀಬೇಕು. ಆ ಲೆಕ್ಕದ ಪುಸ್ತಕದ ಬಗ್ಗೆ ಕ್ವಿಜ್‌ನಲ್ಲಿ ಪ್ರಶ್ನೆ ಬರಲ್ಲ.

ಇದೆಲ್ಲ ಈಗ ತಲೆಗೆ ಬಂದಿದ್ದು ಆಕ್ಟಿವಿಟಿ ಪಾಯಿಂಟ್ ದೆಸೆಯಿಂದ. ಡಿಗ್ರಿ ಮುಗಿಸೋಕೆ 100 ಪಾಯಿಂಟ್ ಬೇಕಲ್ಲ, ನಿಮಗೂ ಗೊತ್ತು: ಒಂದು ಗಿಡ, ಒಂದು ಬ್ಯಾನರ್, ಹನ್ನೆರಡು ಫೋಟೋ. ನಮ್ಮಲ್ಲಿ ಮೂವರದು ಗಜೇಂದ್ರಗಡ ತಾಲ್ಲೂಕಿನ ಒಂದೇ ಊರು. ಅಲ್ಲಿಯ ಕುಡಿಯೋ ನೀರಿನ ಘಟಕ ಕೆಟ್ಟು ತಿಂಗಳುಗಳಾಗಿತ್ತು. ನಮ್ಮ ಜಿಲ್ಲೆಯ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಇದೆ. ಹಳದಿ ಕಂದು ಹಲ್ಲಿನ ಮಕ್ಕಳನ್ನು ನೋಡಿ ಬೆಳೆದವರು ನಾವು. ಪಂಪ್ ಬಿಚ್ಚಿ ನೋಡಿದೆವು, ಮೆಂಬ್ರೇನ್ ಬದಲಿಸೋ ಖರ್ಚು ಕೇಳಿಕೊಂಡು ಬಂದೆವು, ಕ್ಯಾನಿಗೆ 5 ರೂಪಾಯಿ ತಗೊಂಡು ರಜಿಸ್ಟರ್ ಇಟ್ಟರೆ ಮುಂದಿನ ಮೆಂಬ್ರೇನ್‌ಗೆ ದುಡ್ಡು ತಾನೇ ಕೂಡುತ್ತೆ ಅಂತ ಒಂದು ಲೆಕ್ಕ ಹಾಕಿ ದೈವದ ಮುಂದೆ ಇಟ್ಟೆವು.

ಹಿರಿಯರೊಬ್ಬರು ಪೂರ್ತಿ ಕೇಳಿ, "ಎಲ್ಲಾ ಬರೋಬರಿ ಐತಿ ತಮ್ಮಾ. ನೀವು ನೌಕರಿ ಹತ್ತಿ ಬೆಂಗಳೂರಿಗೆ ಹ್ವಾದಮ್ಯಾಲೆ ರಜಿಸ್ಟರ್ ಯಾರ ಬರೀತಾರ?" ಅಂದರು.

ನಮ್ಮ ಹತ್ತಿರ ಉತ್ತರ ಇರಲಿಲ್ಲ. ಪಾಯಿಂಟ್ ಶೀಟ್‌ನಲ್ಲಿ ಆ ಕಾಲಮ್ಮೇ ಇಲ್ಲ. ಆಗ ಕಟ್ಟೆ ಕೆಳಗೆ ಕೊಡ ಹಿಡಕೊಂಡು ನಿಂತಿದ್ದ, ಪಿಯುಸಿ ಓದ್ತಿರೋ ನಮ್ಮಲ್ಲೊಬ್ಬನ ತಂಗಿ, "ನಾ ಬರೀತೇನ್ರಿ ಅಜ್ಜಾರ" ಅಂದಳು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅಜ್ಜಾರು ತುಸು ಸರಿದು, ಕಟ್ಟೆ ಮೇಲೆ ಜಾಗ ಮಾಡಿ, "ಹಂಗಾರ ಮ್ಯಾಲೆ ಬಾ ಯವ್ವಾ, ಕುಂತ ಮಾತಾಡು" ಅಂದರು.